ವಾರ ಕೇಳುವ ಊರು

ನಮ್ಮ ಊರಿನಲ್ಲಿ ದಣಿದವರನ್ನು ಏನೂ ಕೇಳಬಾರದು. ಕೇಳಿದರೆ, ಕೇಳಿದವರಿಗೆ ಯಾವ ಉತ್ತರ ಬೇಕಿರುತ್ತದೋ ಅದೇ ಅವರ ಬಾಯಿಂದ ಬಂದುಬಿಡುತ್ತದೆ. ಅದು ಸುಳ್ಳಲ್ಲ, ದಾಕ್ಷಿಣ್ಯವೂ ಅಲ್ಲ. ದಣಿದವರು ಯೋಚಿಸುವ ಮೊದಲೇ ಮಾತು ಹೊರಗೆ ಬಂದಿರುತ್ತದೆ, ಅಷ್ಟೆ. ಹಾಗಾಗಿ ಸಂಜೆಯಾದರೆ ನಮ್ಮ ಮನೆಗಳಲ್ಲಿ ಪ್ರಶ್ನೆಗಳೇ ಕೇಳಿಸುವುದಿಲ್ಲ. ಕೆಲಸದಿಂದ ಬಂದ ಗಂಡನಿಗೆ ಹೆಂಡತಿ "ಊಟ ಮಾಡ್ತೀರಾ?" ಎನ್ನುವುದಿಲ್ಲ, "ಸಾರು ಬಿಸಿ ಇದೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಕಾಯುತ್ತಾಳೆ. ಮರ್ಯಾದಸ್ಥ ಬಟ್ಟೆ ಅಂಗಡಿಯವರು ಹೊತ್ತು ಇಳಿದ ಮೇಲೆ ಸೀರೆ ಬಿಚ್ಚಿ ತೋರಿಸುವುದಿಲ್ಲ. ಹೆಣ್ಣಿನ ಒಪ್ಪಿಗೆ ಕೇಳುವುದು ಬೆಳಿಗ್ಗೆ ಮಾತ್ರ. ನನ್ನನ್ನೂ ಹಾಗೇ ಕೇಳಿದ್ದರು, ಚೆನ್ನಾಗಿ ನಿದ್ದೆ ಮಾಡಿಸಿ, ಕಾಫಿ ಕುಡಿಸಿ. ಆದ್ದರಿಂದ ನನ್ನ ಮದುವೆಯ ವಿಷಯದಲ್ಲಿ ದೂರಲು ನನಗೆ ಯಾರೂ ಸಿಗಲಿಲ್ಲ.

ಯಾರು ದಣಿದಿದ್ದಾರೆ ಎಂದು ಮುಖ ನೋಡಿ ಹೇಳಲಾಗುವುದಿಲ್ಲವಲ್ಲ. ಅದಕ್ಕೆ ನಮ್ಮಲ್ಲಿ ಮುಖ್ಯವಾದ ಮಾತಿಗೆ ಮೊದಲು ವಾರ ಕೇಳುವ ಪದ್ಧತಿ ಇದೆ. ಇವತ್ತು ಮಂಗಳವಾರ ಎಂದುಕೊಳ್ಳಿ. ಕೇಳುವವರು ಮನಸ್ಸಿನಲ್ಲಿ ಶನಿವಾರವನ್ನು ಗಟ್ಟಿಯಾಗಿ ಹಿಡಿದುಕೊಂಡು, ಅದೇ ಬರಲಿ ಎಂದು ಬಯಸುತ್ತಾ, "ಇವತ್ತು ಯಾವ ವಾರ?" ಎನ್ನುತ್ತಾರೆ. ಎದುರಿನವರು ಮಂಗಳವಾರ ಎಂದರೆ ಮುಂದಿನ ಮಾತು. ಶನಿವಾರ ಎಂದರೆ "ಹೋಗಿ ಮಲಗಿ ಬನ್ನಿ" ಎಂದು ಕಳಿಸಿಬಿಡುತ್ತಾರೆ. ಮಕ್ಕಳು ಇದನ್ನು ಆಟವಾಡುತ್ತಲೇ ಕಲಿತುಬಿಡುತ್ತವೆ. ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಟ್ಟಿದ್ದಿಲ್ಲ.

ವಾರ ಕೇಳದ ಜಾಗ ನಮ್ಮ ಊರಿನಲ್ಲಿ ಒಂದೇ, ಆಸ್ಪತ್ರೆಯ ವಾರ್ಡು. ಅಲ್ಲಿ ನರ್ಸುಗಳನ್ನು ವಾರ ಕೇಳಿದರೆ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ. ಕಳಿಸಿದರೆ ರೋಗಿಗಳನ್ನು ನೋಡುವವರು ಯಾರು? ಆದ್ದರಿಂದ ಎಲ್ಲರೂ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾರೆ. ಡಾಕ್ಟರು "ಜ್ವರ ಇಳಿದಿದೆಯಲ್ವಾ ಸಿಸ್ಟರ್?" ಎಂದು ಬಾಯಿ ತೆರೆಯುವ ಮೊದಲೇ ನರ್ಸುಗಳು ಥರ್ಮಾಮೀಟರನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಾರೆ. ಮಾತ್ರೆ ಕೊಟ್ಟಾಯಿತೇ ಎಂದು ಕೇಳುವಂತಿಲ್ಲ, ಖಾಲಿ ಪೊಟ್ಟಣ ತೋರಿಸುತ್ತಾರೆ. ಹೊರಗಿನಿಂದ ಬಂದವರಿಗೆ ನಮ್ಮ ನರ್ಸುಗಳು ಜಂಬದವರ ಹಾಗೆ ಕಾಣುತ್ತಾರೆ. ಅವರು ಬಾಯಿ ಮುಚ್ಚಿಕೊಂಡಿರುವುದು ಭಯದಿಂದ.

ನನ್ನ ನಾದಿನಿ ಪಂಕಜ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ನನ್ನ ಗಂಡ ತೀರಿಕೊಂಡ ಮೇಲೂ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಮನೆಯಲ್ಲಿ ಉಳಿದೆವು. ಅವಳಿಗೆ ನನ್ನ ಅಡುಗೆ ಸೇರುತ್ತಿತ್ತು, ನನಗೆ ಅವಳ ನಗು. ಒಂದು ಭಾನುವಾರ ಅವಳಿಗೆ ರಜೆ ಸಿಕ್ಕಿತ್ತು. ಹಿಂದಿನ ಸಂಜೆಯೇ ಮಲಗಿದವಳು ಬಿಸಿಲು ಏರಿದ ಮೇಲೆ ಎದ್ದು, ಸ್ನಾನ ಮಾಡಿ, ನಾನು ಕೊಟ್ಟ ಉಪ್ಪಿಟ್ಟು ತಿಂದಳು. ಅಷ್ಟು ನಿದ್ದೆಯಾದ ಮೇಲೆ ಇನ್ನೇನು ಎಂದುಕೊಂಡು, ತಮಾಷೆಗೆ, ಮನಸ್ಸಿನಲ್ಲಿ ಬುಧವಾರ ಇಟ್ಟುಕೊಂಡು ಕೇಳಿದೆ. "ಇವತ್ತು ಯಾವ ವಾರ, ಪಂಕಜಾ?"

"ಬುಧವಾರ ಅತ್ತಿಗೆ," ಎಂದಳು.

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು. ನಿದ್ದೆಯಿಂದ ಹೋಗದ ದಣಿವು ಇದೆ ಎಂದು ನಾನು ನರ್ಸಿಂಗ್ ಶಾಲೆಯ ಪಾಠದಲ್ಲಿ ಹೇಳಿಕೊಟ್ಟವಳು. ಅದು ನಮ್ಮ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತದೆ ಎಂದು ಎಣಿಸಿರಲಿಲ್ಲ. ಮರುದಿನ ಅವಳು ಮತ್ತೆ ಮಕ್ಕಳ ವಾರ್ಡಿಗೆ ಹೋಗಬೇಕಿತ್ತು. ಯಾರಾದರೂ ಅವಸರದಲ್ಲಿ ಏನಾದರೂ ಕೇಳಿಬಿಟ್ಟರೆ, ಅವಳು ಹೂಂ ಅಂದುಬಿಟ್ಟರೆ, ಯಾವುದೋ ಮಗುವಿನ ಗತಿ ಏನು? ಅಂದಿನಿಂದ ಆಸ್ಪತ್ರೆಯ ಕಡೆಯಿಂದ ಯಾರೇ ಬೇಗ ಬೇಗ ನಡೆದು ಬಂದರೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಅಷ್ಟರಲ್ಲಿ ಆ ವರದಿ ಬಂತು. ವಾರ್ಡಿಗೆ ಇಬ್ಬಿಬ್ಬರು ಹೆಚ್ಚಿನ ನರ್ಸುಗಳನ್ನು ಕೊಡಬೇಕೆಂಬ ಬೇಡಿಕೆ ಬಹಳ ದಿನದಿಂದ ಆಸ್ಪತ್ರೆಯ ಸಮಿತಿಯ ಮುಂದಿತ್ತು. ಸಮಿತಿಯ ಅಧ್ಯಕ್ಷ ಷಡಕ್ಷರಪ್ಪನವರು ಜಾಣರು. ಮೊದಲು ಸಂಶೋಧನೆಯಾಗಲಿ ಎಂದು ಹೊರ ಊರಿನಿಂದ ಡಾಕ್ಟರ್ ಅರುಂಧತಿ ಪೈ ಎಂಬ ಸಂಶೋಧಕಿಯನ್ನು ಕರೆಸಿದ್ದರು. ಆಕೆ ನರ್ಸುಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಅವರ ಬಳಲಿಕೆಯನ್ನು ತಡೆಯುವುದು ಹೇಗೆಂದು ಅವರ ಬಾಯಿಂದಲೇ ಕೇಳಿ, ದೊಡ್ಡ ವರದಿ ಬರೆದಿದ್ದರು. ಹೆಚ್ಚಿನ ಜನ ಬೇಡ, ದಿನವೂ ಕೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಉಸಿರಾಟದ ಅಭ್ಯಾಸ ಸಾಕು ಎಂದು ಎಲ್ಲ ನರ್ಸುಗಳೂ ಹೇಳಿದ್ದಾರೆಂದು ಅದರಲ್ಲಿತ್ತು. ನಾನು ನರ್ಸಿಂಗ್ ಶಾಲೆಯಲ್ಲಿ ಸಂಶೋಧನೆಗಳನ್ನು ಒರೆಗೆ ಹಚ್ಚುವುದು ಹೇಗೆಂದು ಪಾಠ ಮಾಡುವವಳು. ವರದಿ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ಸಭೆಯಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಂತು.

"ಸರ್, ಇದರಲ್ಲಿ ನನ್ನ ನಾದಿನಿಯೂ ಇದ್ದಾಳೆ. ಬೇರೆ ಯಾರಿಗಾದ್ರೂ ಕೊಡಿ," ಎಂದೆ.

"ನಮ್ಮೂರಲ್ಲಿ ಯಾರ ಮನೇಲಿ ನರ್ಸಿಲ್ಲ ಹೇಳಿ ಕಾತ್ಯಾಯಿನಿ ಮೇಡಂ," ಎಂದು ಷಡಕ್ಷರಪ್ಪ ನಕ್ಕರು. "ನೀವು ಹೂಂ ಅಂದ್ರೆ ಆ ಫೈಲು ಮುಚ್ಚಿಬಿಡೋಣ. ಊಹೂಂ ಅಂದ್ರೆ ಇಬ್ಬಿಬ್ಬರು ನರ್ಸು ಕೊಡೋಣ. ಅಷ್ಟೇ ತಾನೇ?"

ವರದಿಯನ್ನು ಓದಿದೆ. ಚೆನ್ನಾಗಿತ್ತು, ಚೆನ್ನಾಗಿದ್ದದ್ದೇ ನನ್ನ ನೆಮ್ಮದಿ ಕೆಡಿಸಿತು. ಯಾರೊಬ್ಬರೂ ಗೊಣಗಿಲ್ಲ, ಯಾರೊಬ್ಬರೂ ಮೇಟ್ರನ್ನನ್ನು ಬೈದಿಲ್ಲ. ಮೂರು ಜನ ನರ್ಸುಗಳು ಸೇರಿದರೆ ಚಹಾದ ಬಣ್ಣದ ಬಗ್ಗೆಯೂ ಒಮ್ಮತವಿರುವುದಿಲ್ಲ, ಇಲ್ಲಿ ನೋಡಿದರೆ ಎಲ್ಲರದೂ ಒಂದೇ ರಾಗ. ಕೆಲಸ ಬಿಟ್ಟು ಹೋದವರನ್ನು ಒಬ್ಬರನ್ನೂ ಮಾತಾಡಿಸಿರಲಿಲ್ಲ. "ಉಸಿರಿನ ಜೊತೆ ಇದ್ದಾಗ ನನ್ನೊಳಗೊಂದು ಸಮತೋಲನ ಮೂಡುತ್ತದೆ" ಎಂದು ಒಬ್ಬ ನರ್ಸು ಹೇಳಿದ್ದಳಂತೆ. ವಾರ್ಡು, ವಯಸ್ಸು ನೋಡಿದರೆ ಅದು ನಮ್ಮ ಪಂಕಜಳೇ. ಪಂಕಜ ಜನ್ಮದಲ್ಲಿ ಸಮತೋಲನ ಎಂಬ ಪದ ಆಡಿದವಳಲ್ಲ. ತಕ್ಕಡಿ ಸರಿಯಿಲ್ಲದಿದ್ದರೂ ಅವಳು ತರಕಾರಿಯವನಿಗೆ "ಅಣ್ಣಾ, ಯಾಕೋ ವಾಲ್ತಿದೆ" ಎನ್ನುವವಳು. ಆದರೆ ಒಂದು ಕಡೆ ನಾನು ಸಿಕ್ಕಿಬಿದ್ದೆ. ಸಂದರ್ಶನಗಳು ಕೆಲಸ ಮುಗಿದ ಮೇಲೆ ನಡೆದಿದ್ದರೂ, ಪ್ರತಿಯೊಬ್ಬರನ್ನೂ ಮೊದಲು ವಾರ ಕೇಳಲಾಗಿತ್ತು, ಎಲ್ಲರೂ ಸರಿಯಾದ ವಾರವನ್ನೇ ಹೇಳಿದ್ದರು. ವಾರ ಸರಿ ಹೇಳಿದವರ ಮಾತನ್ನು ನಮ್ಮ ಊರಿನಲ್ಲಿ ಕೋರ್ಟೂ ತಳ್ಳಿಹಾಕುವುದಿಲ್ಲ. ಹಾಗಾದರೆ ಪಂಕಜಳಿಗೆ ಏನೂ ಆಗಿಲ್ಲವೇ? ಬುಧವಾರ ಎಂದದ್ದು ನನ್ನ ಭ್ರಮೆಯೇ? ತಲೆ ಕೆಟ್ಟುಹೋಯಿತು.

ಅರುಂಧತಿಯವರು ಅತಿಥಿಗೃಹದಲ್ಲಿ ಇಳಿದುಕೊಂಡಿದ್ದರು. ಒಂದು ಬೆಳಿಗ್ಗೆ ಅಲ್ಲಿಗೇ ಹೋದೆ. ಮೃದುವಾದ ಹೆಂಗಸು, ಮಾತಾಡುವಾಗ ಎದುರಿನವರ ಕಡೆಗೆ ಪೂರ್ತಿ ತಿರುಗಿ ಕೂರುತ್ತಿದ್ದರು. ಚಹಾ ತರಿಸಿದರು. ನಾನು ಅದೂ ಇದೂ ಮಾತಾಡಿ, ಕೊನೆಗೆ ಕೇಳಿದೆ.

"ನರ್ಸುಗಳನ್ನ ವಾರ ಕೇಳಿದ್ರಲ್ಲ, ಆಗ ಮನಸ್ಸಲ್ಲಿ ಯಾವ ವಾರ ಇಟ್ಕೊಂಡಿದ್ರಿ?"

"ಅಂದ್ರೆ?" ಎಂದರು. "ಅವತ್ತಿನ ವಾರಾನೇ. ಬೇರೆ ಯಾವುದು ಇಟ್ಕೋಬೇಕಿತ್ತು? ಇಲ್ಲಿ ಮಾತಿಗೆ ಮೊದಲು ವಾರ ಕೇಳೋದು ಪದ್ಧತಿ, ಸರಿಯಾಗಿ ಹೇಳಿದ್ರೆ ಮುಂದುವರೀಬಹುದು ಅಂದ್ರು. ಕೇಳಿದೆ. ಪಾಪ, ಎಲ್ಲರೂ ಸರಿಯಾಗೇ ಹೇಳಲಿ ಅಂತಿತ್ತು ನನಗೆ."

ನಾನು ಚಹಾದ ಲೋಟ ಕೆಳಗಿಟ್ಟೆ. ತಪ್ಪು ಆಕೆಯದಲ್ಲ. ಬೇರೆ ವಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲವಲ್ಲ. ಅನ್ನ ಅಗಿದು ನುಂಗಿ ಎಂದು ನೆಂಟರಿಗೆ ಯಾರು ಹೇಳುತ್ತಾರೆ? ದಣಿದ ನರ್ಸುಗಳು ಆಕೆ ಬಯಸಿದ ವಾರವನ್ನೇ ಹೇಳಿದ್ದರು, ಅದು ಸರಿಯಾದ ವಾರವಾಗಿತ್ತು. ಆಮೇಲೆ ಆಕೆ ಬಯಸಿದ ಉಳಿದ ಮಾತುಗಳನ್ನೂ ಹೇಳಿದ್ದರು. ನಾನು ಮೆಲ್ಲಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಹಾಗಾದ್ರೆ ಇಷ್ಟು ದಿನ ನಾನು ಮಾತಾಡಿಸಿದ್ದು ಯಾರನ್ನ?"

"ನಿಮ್ಮನ್ನೇ ನೀವು ಮಾತಾಡಿಸ್ಕೊಂಡಿದ್ದೀರಿ ಅನ್ಸುತ್ತೆ."

ಹಾಗೆ ಒರಟಾಗಿ ಹೇಳಬಾರದಿತ್ತು. ಅವರು ಕಿಟಕಿಯ ಕಡೆ ತಿರುಗಿದರು. "ನಮ್ಮಮ್ಮನೂ ನರ್ಸು," ಎಂದರು. "ಒಂದಿನ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡೋ ಜಾಗದಲ್ಲೇ ಕೂತುಬಿಟ್ರು. ಆಮೇಲೆ ಅವರು ಮೊದಲಿನ ಹಾಗೆ ಆಗಲೇ ಇಲ್ಲ. ನನ್ನನ್ನ ಮನುಷ್ಯಳನ್ನಾಗಿ ಉಳಿಸಿದ್ದು ಈ ಉಸಿರಾಟದ ಅಭ್ಯಾಸ. ಅಮ್ಮನಿಗೆ ಇದು ಗೊತ್ತಿದ್ದಿದ್ರೆ ಉಳ್ಕೋತಿದ್ರು ಅಂತ ನಾನು ಇವತ್ತಿಗೂ ನಂಬಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿದರು. ಆ ಮೃದುತನ ಇರಲಿಲ್ಲ. "ನಿಮ್ಮ ನಾದಿನಿ ಇದರಲ್ಲಿದ್ದಾರೆ ಮೇಡಂ. ನಿಮಗೇನು ಬೇಕು ಅಂತ ನನಗೂ ಗೊತ್ತಿದೆ. ನೀವು ಕೇಳಿದ್ರೆ ಅವರು ಇನ್ನೇನು ಹೇಳ್ತಾರೆ?"

ಆ ಮಾತು ಮುಖಕ್ಕೆ ಹೊಡೆದ ಹಾಗಿತ್ತು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ. ನನಗೆ ಬೇಕಿದ್ದದ್ದು ಮಕ್ಕಳ ವಾರ್ಡಿಗೆ ಇನ್ನಿಬ್ಬರು ನರ್ಸುಗಳು. ಅವರು ಬಂದರೆ ಪಂಕಜ ಸರಿಹೋಗುತ್ತಾಳೆ, ಮೊದಲಿನ ಹಾಗೆ ನಗುತ್ತಾಳೆ ಎಂದು ನಾನು ನಂಬಿಕೊಂಡಿದ್ದೆ. ನಾನು ಹೋಗಿ ಕೇಳಿದರೆ ನರ್ಸುಗಳೆಲ್ಲ ಇಬ್ಬರು ಬೇಕು ಎಂದೇ ಹೇಳುತ್ತಾರೆ, ನಾನದನ್ನು ಪುರಾವೆ ಎಂದು ಸಭೆಯ ಮುಂದೆ ಇಡುತ್ತೇನೆ. ಆಕೆಗೂ ನನಗೂ ಏನು ವ್ಯತ್ಯಾಸ? ಆದರೂ ಒಂದು ಮಾತು ಖಚಿತವಿತ್ತು. ಆ ವರದಿಯಲ್ಲಿ ನರ್ಸುಗಳ ದನಿ ಇಲ್ಲ. ಅಷ್ಟನ್ನು ಮಾತ್ರ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡೆ, ಬರೆದೂ ಇಟ್ಟೆ.

ಬರೆದರೆ ಮುಗಿಯಲಿಲ್ಲ. ಕಾಗದದ ಮೇಲೆ ದಣಿವು ಕಾಣುವುದಿಲ್ಲವೆಂದು ನಮ್ಮ ಊರಿನಲ್ಲಿ ಬರೆದವರೇ ಬಂದು, ವಾರ ಹೇಳಿ, ಬಾಯಿಂದ ಒಪ್ಪಿಕೊಳ್ಳಬೇಕು. ಅಂದರೆ ಸಭೆಯ ಹೊತ್ತಿಗೆ ನಾನು ಚೆನ್ನಾಗಿ ನಿದ್ದೆ ಮಾಡಿರಬೇಕು. ಇಷ್ಟು ಗೊತ್ತಾದದ್ದೇ ತಡ, ನಿದ್ದೆ ನನ್ನನ್ನು ಬಿಟ್ಟು ಹೋಯಿತು. ಬಿಸಿ ಹಾಲು ಕುಡಿದೆ, ಕಾಲಿಗೆ ಎಣ್ಣೆ ತಿಕ್ಕಿಕೊಂಡೆ. ಈಗ ನಿದ್ದೆ ಬಾರದಿದ್ದರೆ ಪಂಕಜಳ ಗತಿಯೇನು ಎಂದು ನೆನೆದರೆ ಸಾಕು, ಬರುತ್ತಿದ್ದ ಜೊಂಪೂ ಹಾರಿಹೋಗುತ್ತಿತ್ತು. ಪಂಕಜ ನನ್ನ ಕೆಂಪಗಾದ ಕಣ್ಣುಗಳನ್ನು ನೋಡಿದಳು. ಏನೂ ಕೇಳಲಿಲ್ಲ. "ಇವತ್ತು ನಾನೇ ಅನ್ನಕ್ಕಿಡ್ತೀನಿ ಅತ್ತಿಗೆ" ಎಂದಳು. ಅವಳಿಗೆ ನಾನು ಆಸರೆಯಾಗಬೇಕಿತ್ತು. ನೋಡಿದರೆ ಅವಳೇ ನನ್ನ ತಟ್ಟೆಗೆ ಬಡಿಸುತ್ತಿದ್ದಳು. ನನಗೆ ನಾಚಿಕೆಯಾಯಿತು.

ಸಭೆ ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ. ಸಮಿತಿಯವರು ಮೇಜಿನ ಸುತ್ತ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಡ್ಯೂಟಿ ಇಲ್ಲದ ನರ್ಸುಗಳು, ಅವರ ನಡುವೆ ಪಂಕಜ. ಅರುಂಧತಿಯವರು ಒಂದು ತುದಿಯಲ್ಲಿ ಒಬ್ಬರೇ ಕೂತಿದ್ದರು. ಅತಿಥಿಗೃಹದಲ್ಲಿ ಮಾತಾಡಿದ ಮೇಲೆ ನಾನು ಅವರನ್ನು ಕಂಡಿರಲಿಲ್ಲ. ನಾನು ಎರಡು ಲೋಟ ಕಾಫಿ ಕುಡಿದು, ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದಿದ್ದೆ. ಮಂಗಳವಾರ, ಮಂಗಳವಾರ ಎಂದು ದಾರಿಯುದ್ದಕ್ಕೂ ಜಪಿಸಿದ್ದೆ.

ಷಡಕ್ಷರಪ್ಪ ನನ್ನ ಬರಹವನ್ನು ಮುಂದಿಟ್ಟುಕೊಂಡು ಕನ್ನಡಕ ಸರಿಮಾಡಿಕೊಂಡರು. "ಪದ್ಧತಿ ಇದೆಯಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ. ಇವತ್ತು ಯಾವ ವಾರ?"

"ಭಾನುವಾರ," ಎಂದಿತು ನನ್ನ ಬಾಯಿ.

ಕೋಣೆಯಲ್ಲಿ ಯಾರೋ ಲೊಚಗುಟ್ಟಿದರು. ನಾನು ಮಂಗಳವಾರ ಎನ್ನಲು ಮತ್ತೆ ಬಾಯಿ ತೆರೆದೆ, ಆದರೆ ಎರಡನೆಯ ಉತ್ತರಕ್ಕೆ ಬೆಲೆ ಇಲ್ಲ. ಹಿಂದೆ ತಿರುಗಿ ಪಂಕಜಳನ್ನು ನೋಡಲು ಧೈರ್ಯ ಬರಲಿಲ್ಲ. ಷಡಕ್ಷರಪ್ಪ ನನ್ನ ಬರಹವನ್ನು ಮಡಚಿ ಪಕ್ಕಕ್ಕಿಟ್ಟರು. ಅವರ ದನಿಯಲ್ಲಿ ಮರುಕವೂ ಇತ್ತು, ನಿರಾಳವೂ ಇತ್ತು.

"ಮೇಡಂ ತುಂಬಾ ಬಳಲಿದ್ದಾರೆ. ಅವರು ಬರೆದದ್ದು ಲೆಕ್ಕಕ್ಕೆ ಬರಲ್ಲ. ಆಕ್ಷೇಪಣೆ ಇಲ್ಲದ ಮೇಲೆ ಅರುಂಧತಿಯವರ ವರದಿಯನ್ನ ಒಪ್ಪಿದ ಹಾಗೇ ಅಲ್ವಾ?"

"ಒಂದ್ನಿಮಿಷ ಸರ್," ಎಂದು ಅರುಂಧತಿ ಎದ್ದು ನಿಂತರು. "ಮೇಡಂಗೆ ನಾನೊಂದು ಪ್ರಶ್ನೆ ಕೇಳ್ಬೇಕು."

"ಅವರು ದಣಿದಿದ್ದಾರಲ್ಲಮ್ಮ. ಈಗ ಕೇಳಿದ್ರೆ ನಿಮಗೆ ಬೇಕಾದ್ದನ್ನೇ ಹೇಳ್ತಾರೆ. ಅದಕ್ಕೆ ಬೆಲೆ ಇಲ್ಲ."

"ಗೊತ್ತು ಸರ್. ಅದಕ್ಕೇ ಈಗ ಕೇಳ್ಬೇಕು."

ತಾನು ಕಷ್ಟಪಟ್ಟು ಮಾಡಿದ ಕೆಲಸವನ್ನು ನನ್ನ ಬಾಯಿಂದಲೇ ಹೊಗಳಿಸಿ, ಅತಿಥಿಗೃಹದಲ್ಲಿ ನಾನಾಡಿದ ಒರಟು ಮಾತಿಗೆ ಸೇಡು ತೀರಿಸಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಮೇಜು ಬಳಸಿ ನನ್ನ ಎದುರಿಗೆ ಬಂದು, ಪೂರ್ತಿ ನನ್ನ ಕಡೆಗೆ ತಿರುಗಿ ನಿಂತರು. ನಾನು ತುಟಿ ಕಚ್ಚಿ ಹಿಡಿದೆ.

"ಮೇಡಂ, ನನ್ನ ವರದಿಯನ್ನ ನಂಬಬಹುದಾ?"

"ನಂಬಬೇಡಿ," ಎಂದೆ.

ಯಾರೂ ನನ್ನನ್ನು ನೋಡಲಿಲ್ಲ. ಮೇಜಿನ ಸುತ್ತ ಕೂತವರು, ಹಿಂದಿನ ಬೆಂಚಿನವರು, ಬಾಗಿಲಲ್ಲಿ ನಿಂತಿದ್ದ ಜವಾನ, ಎಲ್ಲರೂ ಅರುಂಧತಿಯವರನ್ನೇ ನೋಡುತ್ತಿದ್ದರು. ದಣಿದವರ ಬಾಯಿಂದ ಬರುವುದು ಕೇಳಿದವರ ಮನಸ್ಸು ಎಂದು ಆ ಕೋಣೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಬಯಕೆಯನ್ನು ನಟಿಸಲು ಬರುವುದಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ನಿಲುವು ನೆಟ್ಟಗಿತ್ತು. ನನಗೆ ಎದ್ದು ಹೋಗಿ ಅಪ್ಪಿಕೊಳ್ಳಬೇಕು ಅನ್ನಿಸಿತು.

ಷಡಕ್ಷರಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. ಬರೆದವರಿಗೇ ಬೇಡವಾದ ವರದಿಯನ್ನು ಒಪ್ಪುವಷ್ಟು ಭಂಡತನ ಅವರಿಗೂ ಇರಲಿಲ್ಲ. ಮಕ್ಕಳ ವಾರ್ಡಿಗೆ ಮೊದಲು ಇಬ್ಬರನ್ನು ಕಳಿಸುವುದು, ಉಳಿದ ವಾರ್ಡುಗಳಿಗೆ ಒಂದೊಂದಾಗಿ ಕೊಡುವುದು ಎಂದು ತೀರ್ಮಾನವಾಯಿತು. ನಾನು ಗೆದ್ದಿದ್ದೆ. ಮನೆಗೆ ಹೋಗಿ ಹಾಸಿಗೆಯ ಮೇಲೆ ಬಿದ್ದವಳಿಗೆ ಲೋಕದ ಪರಿವೆ ಇರಲಿಲ್ಲ.

ಮರುದಿನ ಸಂಜೆ ಅರುಂಧತಿ ನಮ್ಮ ಮನೆಗೆ ಬಂದರು. "ಮೊದಲಿಂದ ಶುರು ಮಾಡ್ಬೇಕು. ಹೇಗೆ ಅಂತ ಗೊತ್ತಾಗ್ತಿಲ್ಲ," ಎಂದರು. ನಾನು ಹಿತ್ತಲ ಬಾಗಿಲು ತೋರಿಸಿದೆ. ಪಂಕಜ ಡ್ಯೂಟಿ ಮುಗಿಸಿ ಬಂದು, ಸೀರೆಯನ್ನೂ ಬದಲಿಸದೆ ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಹೊಸ ನರ್ಸುಗಳಿಬ್ಬರೂ ಅಂದೇ ಬಂದಿದ್ದರೆಂದು ಮೇಟ್ರನ್ ದಾರಿಯಲ್ಲಿ ಸಿಕ್ಕಾಗ ಹೇಳಿದ್ದರು. ನಾವಿಬ್ಬರೂ ಅವಳ ಅಕ್ಕಪಕ್ಕ ಕೂತೆವು. ನಾನು ಮೊರ ಎಳೆದುಕೊಂಡು ಅವರೆಕಾಯಿ ಸುಲಿಯತೊಡಗಿದೆ. ಅರುಂಧತಿಯವರೂ ಕೈ ಹಾಕಿದರು. ಏನೂ ಕೇಳಬಾರದು, ಏನೂ ಬಯಸಲೂಬಾರದು. ಮೊದಲನೆಯದು ಸುಲಭ. ಎರಡನೆಯದಕ್ಕೆ ನಾನು ಕಾಳುಗಳನ್ನೇ ನೋಡುತ್ತಾ ಕೂತೆ. ಪಕ್ಕದ ಮನೆಯವರು ಕುಕ್ಕರ್ ಇಟ್ಟರು, ಕೂಗಿಸಿದರು, ಇಳಿಸಿದರು. ಪಂಕಜ ಒಂದು ಕಾಯಿ ತೆಗೆದುಕೊಂಡಳು, ಸುಲಿಯದೆ ಕೈಯಲ್ಲೇ ಹಿಡಿದುಕೊಂಡಳು.

"ನಂಗೆ ಈ ಕೆಲಸ ಬೇಡ ಅತ್ತಿಗೆ," ಎಂದಳು. "ಇಬ್ಬರು ಬಂದಿದ್ದಾರೆ, ಒಳ್ಳೆ ಹುಡುಗೀರು. ಇನ್ನೂ ಹತ್ತು ಜನ ಬಂದ್ರೂ ನಂಗೆ ಬೇಡ. ಮೊನ್ನೆ ಒಂದು ಮಗು ಅಳ್ತಿತ್ತು. ಎದ್ದು ಹೋಗ್ಬೇಕು ಅಂತ ನಂಗೆ ಅನ್ನಿಸ್ಲೇ ಇಲ್ಲ. ಗಡಿಯಾರ ನೋಡ್ತಾ ನಿಂತಿದ್ದೆ."

ಅರುಂಧತಿಯವರಿಗೆ ಇದು ಬೇಕಿರಲಿಲ್ಲ. ದೇವರಾಣೆ, ನನಗೂ ಬೇಕಿರಲಿಲ್ಲ. ಅಲ್ಲಿ ಕೂತಿದ್ದ ನಮ್ಮಿಬ್ಬರಲ್ಲಿ ಯಾರ ಮನಸ್ಸಿನಿಂದಲೂ ಬಂದ ಮಾತಲ್ಲ ಅದು. "ಯಾಕೆ" ಎನ್ನಲು ಅರುಂಧತಿ ಬಾಯಿ ತೆರೆದರು. ನಾನು ಅವರ ಕೈ ಅದುಮಿ ಹಿಡಿದೆ. ಪಂಕಜ ಕಾಯಿಯನ್ನು ಮೊರಕ್ಕೆ ಹಾಕಿ, ಮೊಣಕಾಲು ತಬ್ಬಿಕೊಂಡು, ಯಾರೂ ಕೇಳದೆಯೇ ಮುಂದಕ್ಕೆ ಹೇಳತೊಡಗಿದಳು.